ಬೀಗ ತೆರೆಯುವ ವಿದ್ಯೆ

ಬೋಗುಣಿ ಅರ್ಧ ತುಂಬಿತ್ತು. ನೆನೆಸಿದ ಅವರೆಕಾಳನ್ನು ಹೆಬ್ಬೆರಳಿನಿಂದ ಒಂದು ಒತ್ತು ಒತ್ತಿದರೆ ಕಾಳು ಸಿಪ್ಪೆಯಿಂದ ಜಾರಿ ಬೋಗುಣಿಗೆ ಬೀಳುತ್ತಿತ್ತು, ಸಿಪ್ಪೆ ಬೆರಳಿಗೇ ಅಂಟಿಕೊಳ್ಳುತ್ತಿತ್ತು. ನಾನು ಕೂತಿದ್ದದ್ದು ವಾರಿಜಮ್ಮನವರ ಪಡಸಾಲೆಯ ಕಂಬಕ್ಕೆ ಒರಗಿ. ಮಧ್ಯಾಹ್ನದ ಊಟವಾದ ಮೇಲೆ ಕೈಗೆ ಸಿಕ್ಕ ಕೆಲಸ ಎತ್ತಿಕೊಂಡು ಅಲ್ಲಿಗೆ ಹೋಗಿಬಿಡುವುದು ನನ್ನ ಅಭ್ಯಾಸ. ಕೈ ತನ್ನ ಪಾಡಿಗೆ ದುಡಿಯುತ್ತಿರುತ್ತದೆ, ಕಿವಿ ಆಟ ಕೇಳುತ್ತಿರುತ್ತದೆ. ಅವತ್ತು ಕೇಳುವುದಕ್ಕೆ ಏನೂ ಇರಲಿಲ್ಲ. ಆಟ ಕೋಟೆಯ ಬಾಗಿಲ ಮುಂದೆ ಬಂದು ನಿಂತುಬಿಟ್ಟಿತ್ತು.

ಆಟವೆಂದರೆ ನಮ್ಮೂರಿನ ಚಾಪೆಯಾಟ. ನಡುವೆ ಒಂದು ಕರಿಹಲಗೆಯನ್ನು ಮಲಗಿಸಿ ಅದರ ಮೇಲೆ ಸೀಮೆಸುಣ್ಣದಲ್ಲಿ ಕಾಡು, ಕೋಟೆ, ಹೊಳೆ ಬರೆಯುತ್ತಾರೆ. ಅಲ್ಲಿ ಬರುವ ಜನ, ಪ್ರಾಣಿ, ದೆವ್ವ ಎಲ್ಲಕ್ಕೂ ವಾರಿಜಮ್ಮನವರದೇ ಬಾಯಿ. ಸುತ್ತ ಕೂತವರು ಒಬ್ಬೊಬ್ಬರು ಒಂದೊಂದು ಆಳನ್ನು ಕಟ್ಟಿಕೊಂಡು, ಅದರ ಪರವಾಗಿ ಮಾತಾಡಿ, ದಾಳ ಉರುಳಿಸಬೇಕು. ಆಳಿಗೆ ಯಾವ ವಿದ್ಯೆ ಬರುತ್ತದೋ ಅದು ಆಡುವವರಿಗೂ ಬರುತ್ತದೆ. ಚಾಪೆಯಿಂದ ಎದ್ದು ಮನೆಗೆ ಹೋಗಿ ಕೈಕಾಲು ತೊಳೆದುಕೊಳ್ಳುವಷ್ಟರಲ್ಲಿ ಮೈಗೆ ಹತ್ತಿರುತ್ತದೆ. ಕ್ಷೌರದ ಮುನಿಸ್ವಾಮಿಯ ಆಳು ಮಾಂತ್ರಿಕ. ಅವನು ಬೆರಳು ಚಿಟಿಕೆ ಹೊಡೆದರೆ ಬೀಡಿ ಹತ್ತುತ್ತದೆ. ಅವನ ಅಂಗಡಿಯ ಪಕ್ಕದ ಗೂಡಿನವನು ಬೆಂಕಿಪೊಟ್ಟಣ ಇಡುವುದನ್ನು ಬಿಟ್ಟು ಬಾಳೆಹಣ್ಣು ಇಟ್ಟಿದ್ದಾನೆ. ತಲೆಗೆ ಕೈ ಹಾಕುವ ಮೊದಲು ಮುನಿಸ್ವಾಮಿ ಬಕೆಟ್ಟಿನಲ್ಲಿ ಕೈ ಅದ್ದಿದನೋ ಇಲ್ಲವೋ ಎಂದು ಗಿರಾಕಿಗಳು ನೋಡಿಕೊಳ್ಳುತ್ತಾರೆ, ಅಷ್ಟೆ. ಹಿಟ್ಟಿನ ಗಿರಣಿಯ ಜವರಪ್ಪನ ಆಳು ಕಾಲಾಳು. ಆ ಆಳಿನ ತೋಳ್ಬಲ ಹತ್ತಿರುವ ಅವನ ಕೈಯನ್ನು ಯಾರೂ ಕುಲುಕುವುದಿಲ್ಲ, ದೂರದಿಂದಲೇ ನಮಸ್ಕಾರ ಅನ್ನುತ್ತಾರೆ. ಬಾಗಿಲು ತಟ್ಟಬೇಡ, ಬೀದಿಯಿಂದಲೇ ಕೂಗು ಎಂದು ಹೆಂಗಸರು ಹೇಳಿಟ್ಟಿದ್ದಾರೆ.

ಕಳ್ಳನಾಗಿದ್ದವನು ಗಡಿಯಾರ ರಿಪೇರಿಯ ಸಿದ್ದಲಿಂಗಯ್ಯ. ಕೋಟೆಯ ಕಂದಕದಲ್ಲಿ ಅವನ ಆಳು ಬಿದ್ದು ಸತ್ತುಹೋಯಿತು. ಆಳು ಸತ್ತವರು ಮತ್ತೆ ಚಾಪೆ ಹತ್ತುವ ಹಾಗಿಲ್ಲ. ಪಾಪ, ಅವನ ಬೆರಳಿನ ಹಗುರವೂ ಅದರ ಜೊತೆಗೇ ಹೋಗಿ, ಈಗ ಸಣ್ಣ ತಿರುಪುಗಳೆಲ್ಲ ಕೈಜಾರಿ ಬೀಳುತ್ತವಂತೆ. ಎದುರಿಗೆ ಬೀಗ ಜಡಿದ ಕೋಟೆಬಾಗಿಲು, ತೆರೆಯುವುದಕ್ಕೆ ಕಳ್ಳನಿಲ್ಲ. ಜವರಪ್ಪ ಮತ್ತು ಮುನಿಸ್ವಾಮಿ ಕರಿಹಲಗೆಯನ್ನೇ ನೋಡುತ್ತ ಕೂತಿದ್ದರು.

"ಹಾಲಮ್ಮಾ, ದಿನಾ ಇಲ್ಲೇ ಕೂತಿರ್ತೀರಿ. ಆಟ ಇವರಿಬ್ಬರಿಗಿಂತ ನಿಮಗೇ ಚೆನ್ನಾಗಿ ಗೊತ್ತು. ಚಾಪೆ ಮೇಲೆ ಬನ್ನಿ," ಎಂದರು ವಾರಿಜಮ್ಮ.

"ನಾನು ಕಳ್ಳಿಯಾಗೋದಾ? ಈ ಮಂಡಿ ಇಟ್ಕೊಂಡು?"

"ಮಂಡಿ ನಿಮ್ಮದು. ಕಳ್ಳಿಗೆ ಮಂಡಿನೋವಿಲ್ಲ," ಎಂದ ಮುನಿಸ್ವಾಮಿ.

ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಅವತ್ತು ಬೆಳಿಗ್ಗೆ ನನ್ನ ಮಗಳು ಪ್ರಮೀಳ ಸೇತುವೆಯ ಸಂತೆಗೆ ಬಂದವಳು ನನ್ನ ಕೈ ಹಿಡಿದು ಒಂದು ಮಾತು ಹೇಳಿ ಹೋಗಿದ್ದಳು. "ಅಮ್ಮಾ, ಇನ್ನು ಹುಣ್ಣಿಮೆವರೆಗೆ ಮಾತ್ರ. ಆಮೇಲೆ ನನ್ನ ಹೊಳೆ ದಾಟಿಸಲ್ಲ." ಮನಸ್ಸು ಬೆಳಗಿನಿಂದ ಆ ಮಾತಿನ ಹಿಂದೆಯೇ ಸುತ್ತುತ್ತಿತ್ತು. ಏನಾದರೊಂದು ಬೇರೆ ಯೋಚನೆ ಸಿಕ್ಕರೆ ಸಾಕು ಎನ್ನುವ ಹಾಗಾಗಿತ್ತು. ಕೈ ಒರೆಸಿಕೊಂಡು ಚಾಪೆಯ ಮೇಲೆ ಕೂತೆ.

ಆ ಮಾತು ಏನೆಂದು ಇಲ್ಲೇ ಹೇಳಿಬಿಡುತ್ತೇನೆ. ಪ್ರಮೀಳನ ಅತ್ತೆ, ಹೊಳೆಯಾಚೆಯ ಗುರುಬಸಮ್ಮ, ನನ್ನ ಬೀಗಿತ್ತಿ. ಬೀಗಿತ್ತಿಯಾಗುವ ಮೊದಲು ಅವಳು ಬಸ್ಸಿ. ರಾತ್ರಿ ಶಾಲೆಯಲ್ಲಿ ನಾವಿಬ್ಬರೂ ಒಂದೇ ಲಾಟೀನಿನ ಕೆಳಗೆ ಅಕ್ಷರ ಕಲಿತವರು. ಕಾಗದ ಬರೆಯುವುದನ್ನು ಕಲಿಸುವಾಗ ಮೇಷ್ಟರು, ಪಕ್ಕದಲ್ಲಿ ಕೂತವರಿಗೇ ಬರೆಯಿರಿ ಎಂದಿದ್ದರು. ಹಾಗೆ ನನ್ನ ಜೀವಮಾನದಲ್ಲಿ ನನಗೆ ಬಂದ ಮೊದಲ ಕಾಗದ ಒಂದು ಮೊಳ ದೂರದಿಂದ ಬಂತು. "ಲೇ ಹಾಲಿ, ಸೌಖ್ಯವೇ, ನಿನ್ನ ಮೊಣಕೈ ನನಗೆ ತಾಗುತ್ತಿದೆ" ಎಂದು ಬರೆದಿದ್ದಳು. ಮಕ್ಕಳು ದೊಡ್ಡವರಾಗಿ, ಅವಳ ಮಗನಿಗೆ ನನ್ನ ಮಗಳನ್ನು ಕೊಡುವುದೆಂದಾದಾಗ ಇಬ್ಬರ ಕಾಲೂ ನೆಲದ ಮೇಲಿರಲಿಲ್ಲ. ಬೀಗರೂಟದ ದಿನ ಅವಳ ಮನೆಯ ಮೆಟ್ಟಿಲು ಹತ್ತಿದೆ. ನೆಂಟರಿಷ್ಟರೆಲ್ಲ ನೆರೆದಿದ್ದರು. ಬಾಗಿಲಲ್ಲಿ ನಿಂತಿದ್ದ ಅವಳು, "ಬನ್ನಿ ಬೀಗರೇ, ಕೂತ್ಕೊಳ್ಳಿ," ಎಂದಳು. ಜನರ ಎದುರಿಗೆ ನನಗೆ ಮರ್ಯಾದೆ ಕೊಟ್ಟಳು. ನಾನೂ ಮರ್ಯಾದೆಗೆ ಕಡಿಮೆ ಮಾಡಲಿಲ್ಲ, "ತಮ್ಮ ಊಟ ಆಯ್ತೇ?" ಎಂದೆ. ಅವಳ ಮುಖ ಒಂದು ಗಳಿಗೆ ಏನೋ ಆಯಿತು. ಅಲ್ಲಿಂದ 'ನೀವು' ಎನ್ನುವುದು ನಮ್ಮಿಬ್ಬರ ನಡುವೆ ಬಂದು ಕೂತಿತು, ಏಳಲೇ ಇಲ್ಲ. ಮೊದಲು 'ನೀನು' ಎನ್ನುವವರು ಯಾರು ಎಂದು ಇಬ್ಬರೂ ಕಾದೆವು. 'ನೀವು' ಹಚ್ಚಿ ಆಡುವ ಮಾತು ಬೇಗ ಮುಗಿಯುತ್ತದೆ. ಮುಗಿಯುತ್ತ ಮುಗಿಯುತ್ತ ಮಾತೇ ನಿಂತುಹೋಯಿತು.

ಈಗ ಪ್ರಮೀಳನಿಗೆ ಎಂಟು ತಿಂಗಳು ತುಂಬುತ್ತಿದೆ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ತಾಯಿ ತನ್ನ ಕೈಯಾರೆ ಬರೆದು, ಮೂಲೆಗೆ ಅರಿಸಿನ ಹಚ್ಚಿ, ಬೀಗಿತ್ತಿಯ ಹೆಸರಿಗೆ ಕರೆಕಾಗದ ಕಳಿಸಬೇಕು. ಅದು ಬಾರದೆ ಸೊಸೆಯನ್ನು ಕಳಿಸುವಂತಿಲ್ಲ, ಒಂಬತ್ತು ಹಿಡಿದ ಮೇಲೆ ಬಸುರಿಯನ್ನು ಹೊಳೆ ದಾಟಿಸುವಂತೆಯೂ ಇಲ್ಲ. ಕಾಗದಕ್ಕೆ ಅರಿಸಿನ ಹಚ್ಚಿ ಎಷ್ಟೋ ತಿಂಗಳಾಗಿತ್ತು. ಮೊದಲ ಸಾಲು ಆಗಿರಲಿಲ್ಲ. 'ಸೌಭಾಗ್ಯವತಿ ಗುರುಬಸಮ್ಮನವರಿಗೆ' ಎಂದು ಶುರುಮಾಡಿದರೆ ಆ ಬೀಗರೂಟದ ಮನೆಯ ಬಾಗಿಲಲ್ಲೇ ಇನ್ನೊಂದು ಸಲ ನಿಂತ ಹಾಗೆ. 'ಲೇ ಬಸ್ಸಿ' ಎಂದು ಶುರುಮಾಡಿ, ಅವಳು ಅದನ್ನು ಓದಿ ಹುಬ್ಬು ಗಂಟಿಕ್ಕಿದರೆ ಮುಗಿಯಿತು. ಅತ್ತೆ ಏನನ್ನುತ್ತಾರೆ ಎಂದು ಪ್ರಮೀಳನನ್ನು ಕೇಳಿದ್ದೆ. "ಏನೂ ಅನ್ನಲ್ಲಮ್ಮ. ನಿನ್ನ ಹೆಸರು ಬಂದ್ರೆ ಒಲೆ ಊದೋಕೆ ಹೋಗ್ತಾರೆ. ಕೋಪಾನೋ ಬೇಜಾರೋ ಗೊತ್ತಾಗಲ್ಲ," ಎಂದಿದ್ದಳು.

ವಾರಿಜಮ್ಮ ಬಿಸ್ಕತ್ತಿನ ತಗಡಿನ ಡಬ್ಬಿ ತಂದು ಚಾಪೆಯ ಮೇಲೆ ಸುರಿದರು. ಮರದ ಬಿಲ್ಲೆಗಳು, ಒಂದೊಂದರ ಮೇಲೂ ಒಂದೊಂದು ವಿದ್ಯೆಯ ಹೆಸರು. "ಕಳ್ಳಿಗೆ ಮೂರು. ಕೋಟೆ ಗೆಲ್ಲೋವರೆಗೆ ಬದಲಾಯಿಸೋ ಹಾಗಿಲ್ಲ, ಯೋಚನೆ ಮಾಡಿ ಎತ್ಕೊಳಿ. ಎತ್ತಿಕೊಂಡದ್ದು ಯಾವುದು ಅಂತ ಬಾಯಿಬಿಟ್ಟು ಹೇಳಬೇಕು. ಚಾಪೆ ಮೇಲೆ ಆಡಿದ್ದು ಆಡಿದ ಹಾಗೇ ನಿಲ್ಲುತ್ತೆ, ನೆನಪಿರಲಿ."

ನಾನು ಒಂದೊಂದನ್ನೇ ಬೆಳಕಿಗೆ ಹಿಡಿದು ಓದಿದೆ. ಗೋಡೆ ಹತ್ತುವುದು. "ಅದನ್ನ ತಗೊಳಕ್ಕಾ. ಕೋಟೆ ಅಂದ ಮೇಲೆ ಗೋಡೆ ಇದ್ದೇ ಇರುತ್ತೆ," ಎಂದ ಜವರಪ್ಪ. ನನಗೂ ಆಸೆಯಾಯಿತು. ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನು ಯಾರ ಕಾಲೂ ಹಿಡಿಯದೆ ಇಳಿಸಿಕೊಳ್ಳಬಹುದು. ಇಳಿಸಿದ ಮೇಲೆ ಹುಣಸೆಹಣ್ಣು ಹಾಕಿ ತಿಕ್ಕುವವಳೂ ನಾನೇ ಎಂದು ನೆನಪಾಗಿ ಕೆಳಗಿಟ್ಟೆ. ಕಿಸೆ ಕತ್ತರಿಸುವುದು. ನಮ್ಮ ಬೀದಿಯಲ್ಲಿ ಯಾರ ಕಿಸೆಯಲ್ಲಿ ಏನಿದೆ ಎಂದು ಯಾವ ವಿದ್ಯೆಯೂ ಇಲ್ಲದೆ ನನಗೆ ಗೊತ್ತು. ಅದೂ ಬೇಡ. ಸುಳ್ಳು ಹೇಳಿ ನಂಬಿಸುವುದು.

"ಇದೊಂದಿದ್ರೆ ಯಾವ ಬಾಗಿಲಾದ್ರೂ ತೆಗೆಯುತ್ತೆ ಹಾಲಮ್ಮಾ," ಎಂದು ಮುನಿಸ್ವಾಮಿ ಮುಂದೆ ಬಾಗಿದ. "ನನಗೆ ಸಿಕ್ಕಿದ್ರೆ ಬೆಂಕಿ ಬಿಟ್ಟು ಇದನ್ನೇ ತಗೋತಿದ್ದೆ."

"ನಿನಗ್ಯಾಕೋ ಅದು. ಕ್ರಾಪು ಕೆಡಿಸಿ, ಚೆನ್ನಾಗಿ ಬಂದಿದೆ ಸ್ವಾಮಿ ಅಂತ ದಿನಾ ನಂಬಿಸಿ ಕಳಿಸ್ತಿಲ್ವಾ?" ಎಂದ ಜವರಪ್ಪ.

ಆ ಬಿಲ್ಲೆಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದೆ. ನಾನು ಹೇಳಿದ್ದನ್ನೆಲ್ಲ ಜನ ನಂಬುತ್ತಾರೆ ಎಂದಾದರೆ, ನಿಜ ಹೇಳಿದಾಗ ನಂಬಿದವರು ನನ್ನನ್ನು ನಂಬಿದರೋ ವಿದ್ಯೆಯನ್ನು ನಂಬಿದರೋ ನನಗೆ ತಿಳಿಯುವುದು ಹೇಗೆ? ಅದನ್ನೂ ಇಟ್ಟೆ. ಕೊನೆಗೆ 'ಸದ್ದಿಲ್ಲದೆ ನಡೆಯುವುದು' ಎತ್ತಿಕೊಂಡೆ. ನನ್ನ ಹೆಜ್ಜೆ ಕೇಳಿದರೆ ಗುಬ್ಬಚ್ಚಿಗಳು ಹಾರಿಹೋಗುತ್ತವೆ, ಇನ್ನು ಹೋಗುವುದಿಲ್ಲ ಎಂದುಕೊಂಡೆ. 'ಕತ್ತಲಲ್ಲಿ ಕಾಣುವುದು' ಎತ್ತಿಕೊಂಡೆ. ಕರೆಂಟು ಹೋದಾಗ ಒದಗುತ್ತದೆ. ಮೂರನೆಯದು ಎಲ್ಲರಿಗೂ ಬೇಕಾಗಿದ್ದದ್ದು, ಅದನ್ನು ಬಿಡುವಂತಿರಲಿಲ್ಲ.

"ಬೀಗ ತೆರೆಯುವುದು," ಎಂದು ಓದಿದೆ.

"ಯಾವ ಬೀಗ ಹಾಲಕ್ಕಾ? ಹೊಳೆಯಾಚೇದಾ?" ಎಂದ ಜವರಪ್ಪ.

ಮುನಿಸ್ವಾಮಿ ಬಾಯಿಗೆ ಕೈ ಅಡ್ಡ ಹಿಡಿದ. ಬಾಗಿಲಿಗೆ ಹಾಕುವುದೂ ಬೀಗ, ಹೆಣ್ಣು ಕೊಟ್ಟು ತಂದು ನೆಂಟನಾದವನೂ ಬೀಗ. ಈ ತಮಾಷೆ ಊರಿನಷ್ಟೇ ಹಳೆಯದು. ಅವರ ಬಾಯಿ ಮುಚ್ಚಿಸಿದರೆ ಸಾಕಾಗಿತ್ತು ನನಗೆ. "ಹೂಂ ಕಣಪ್ಪಾ, ಅದೇ ಬೀಗ," ಎಂದುಬಿಟ್ಟೆ.

ವಾರಿಜಮ್ಮನ ಕೈಯಲ್ಲಿದ್ದ ಸೀಮೆಸುಣ್ಣ ನಿಂತಿತು. ಅವರು ಬಿಲ್ಲೆಯನ್ನು ನನ್ನ ಕಡೆಗೆ ಸರಿಸಿದರು.

ಕಳ್ಳಿಯಾದವಳು ಬೀದಿಯ ಮನೆಮನೆಗೂ ಹೋಗಿ ಹೇಳಿಬರುವುದು ಪದ್ಧತಿ. ನೆಂಟರ ಮನೆಗೂ ಹೇಳಬೇಕು. ಅದನ್ನು ನಾಳೆಗಿಟ್ಟುಕೊಂಡು ಬೀದಿಗೆ ಮಾತ್ರ ಹೋದೆ. "ಕಳ್ಳಿಯಾಗಿದೀನಿ ಕಣ್ರಮ್ಮಾ, ಹೇಳ್ಹೋಗೋಣ ಅಂತ ಬಂದೆ." ಎಲ್ಲರೂ ಕೈಗೊಂದು ಬೆಲ್ಲದಚ್ಚಿನ ಚೂರು ಕೊಟ್ಟು ಒಳ್ಳೆಯದಾಗಲಿ ಎಂದರು. ಮೂಲೆಮನೆಯಾಕೆ, "ನಮ್ಮ ಹಿತ್ತಿಲ ಬಾಗಿಲು ಸ್ವಲ್ಪ ಬಿಗಿ ಹಾಲಮ್ಮಾ, ಎತ್ತಿ ತಳ್ಳಬೇಕು," ಎಂದು ತೋರಿಸಿಯೂ ಕೊಟ್ಟಳು. ಮನೆಗೆ ಬಂದು ಕಾಲು ತೊಳೆದುಕೊಂಡೆ. ಸೆರಗಿನಲ್ಲಿ ಕೈ ಒರೆಸಿಕೊಂಡು ನಡುಮನೆಗೆ ಬಂದರೆ ರೇಡಿಯೋ ಬಿಚ್ಚಿಕೊಂಡು ಕೂತಿದ್ದ ನಮ್ಮವರು ಬೆಚ್ಚಿಬಿದ್ದು ತಿರುಪಿನ ಮೊಳೆ ಕೆಳಗೆ ಹಾಕಿದರು. "ಕೆಮ್ಮಿಕೊಂಡಾದರೂ ಬಾರೇ," ಎಂದರು. ಮಂಚದ ಕೆಳಗಿನ ಕತ್ತಲಲ್ಲಿ ಆ ಮೊಳೆ ನನಗೆ ಬೆಳ್ಳಿಯ ಹಾಗೆ ಹೊಳೆಯಿತು, ಎತ್ತಿಕೊಟ್ಟೆ. ಎರಡು ವಿದ್ಯೆಯೂ ಹತ್ತಿತ್ತು. ಮೂರನೆಯದನ್ನು ನೋಡೋಣವೆಂದು ಉಗ್ರಾಣದ ಬೀಗದ ಮುಂದೆ ಪಿನ್ನು ಹಿಡಿದು ಕೂತೆ. ತಿರುಗಿಸಿದೆ, ಸವರಿದೆ, ಮುದ್ದುಮಾಡಿದೆ. ಅದು ಜಪ್ಪಯ್ಯ ಅನ್ನಲಿಲ್ಲ.

ಮಾರನೆಯ ದಿನ ಎಣ್ಣೆಗೆಂದು ಪುಟ್ಟಣ್ಣಯ್ಯನ ಅಂಗಡಿಗೆ ಹೋದೆ. ಅವನ ಬೀಗ ಈರಭದ್ರಯ್ಯ ಬೆಂಚಿನ ಮೇಲೆ ಕೂತಿದ್ದ. ಮಕ್ಕಳ ಮದುವೆಯಾದಂದಿನಿಂದ ಈರಭದ್ರಯ್ಯ 'ಹೂಂ' ಎನ್ನುವುದನ್ನು ಬಿಟ್ಟು ಬೇರೆ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಗಂಡಿನ ಕಡೆಯವರ ಬಿಗುಮಾನ ಎಂದು ಎಲ್ಲರೂ ತಿಳಿದಿದ್ದರು. ನಾನು ಮೆಟ್ಟಿಲು ಹತ್ತಿ ಶೀಸೆ ಮುಂದಿಟ್ಟೆ, ಅಷ್ಟೆ. ಅವನು ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಪುಟ್ಟಣ್ಣಯ್ಯನೋರೇ, ನಿಮ್ಮನೆ ಮಾವಿನಮಿಡಿ ಉಪ್ಪಿನಕಾಯಿ ಇದೆಯಲ್ಲ. ಮದುವೆ ದಿನ ಎಲೆ ತುದೀಲಿ ಒಂದು ಚೂರು ಹಾಕಿದ್ರಿ. ಅವತ್ತಿಂದ ನಾಲಿಗೆ ಮೇಲೇ ಇದೆ. ಗಂಡಿನ ಕಡೆಯೋನು, ಬಾಯಿಬಿಟ್ಟು ಕೇಳೋದು ಹೇಗೆ? ಮಾತಾಡಿದ್ರೆ ಎಲ್ಲಿ ಅದೇ ಬಂದುಬಿಡುತ್ತೋ ಅಂತ ಮಾತೇ ಬಿಟ್ಟೆ."

ಪುಟ್ಟಣ್ಣಯ್ಯನ ಕೈಯಲ್ಲಿ ಲಾಳಿಕೆ ತುಂಬಿ ಎಣ್ಣೆ ಹಲಗೆಯ ಮೇಲೆ ಹರಿಯಿತು. ಈರಭದ್ರಯ್ಯ ನಿಲ್ಲಿಸಲಿಲ್ಲ. ಸೊಸೆ ಹಾಡಿಕೊಳ್ಳುವುದನ್ನು ಕದ್ದು ಕೇಳುವುದು, ತನ್ನ ಮಗ ಸೋಮಾರಿಯೆಂದು ಮದುವೆಗೆ ಮುಂಚೆ ಹೇಳಲಾಗದೆ ಹೋದದ್ದು, ಒಂದರ ಹಿಂದೊಂದು ಬರುತ್ತಲೇ ಇತ್ತು. ನಾನು ಶೀಸೆ ಎತ್ತಿಕೊಂಡು ಮೆಟ್ಟಿಲಿಳಿದ ಮೇಲೆ ಮಾತು ನಿಂತಿತು. ತಿರುಗಿ ನೋಡಿದರೆ ಅವನು ಟೊಪ್ಪಿ ಹಾಕಿಕೊಳ್ಳುತ್ತ, ಎಲ್ಲಿದ್ದೇನೆ ಎನ್ನುವವನ ಹಾಗೆ ಸುತ್ತ ನೋಡುತ್ತಿದ್ದ.

ನನ್ನೆದುರಿಗೆ ಬಂದ ಬೀಗರ ಬಾಯಿ ತಾನಾಗಿ ತೆರೆಯುತ್ತದೆ ಎಂದು ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು. ಅದಕ್ಕೂ ಊರು ಹೊಂದಿಕೊಂಡಿತು. ಬೀಗರ ಮೇಲೆ ಅನುಮಾನವಿದ್ದವರು ಅವರನ್ನು ಸಂಜೆಯ ಗಾಳಿಗೆಂದು ನಮ್ಮ ಬೀದಿಗೆ ಕರೆತಂದು, "ಇಲ್ಲೇ ಹಾಲಮ್ಮನೋರ ಮನೆ, ಒಂದು ಲೋಟ ನೀರು ಕುಡಿದು ಹೋಗೋಣ," ಎನ್ನುತ್ತಿದ್ದರು. ಮುಚ್ಚಿಡುವಂಥದ್ದು ಇದ್ದವರು ನನ್ನನ್ನು ಕಂಡರೆ ಸಂದಿ ಹಿಡಿಯುತ್ತಿದ್ದರು. ನನಗೆ ಹೆಜ್ಜೆಸದ್ದು ಬೇರೆ ಇಲ್ಲ, ಕಂಡಾಗ ತಡವಾಗಿರುತ್ತಿತ್ತು. ನಮ್ಮ ಜಗಲಿಯ ಮೇಲೆ ಎಷ್ಟೋ ಜನ ಬೀಗರು ಅತ್ತರು, ನಕ್ಕರು, ಹಳೆಯ ಮುನಿಸು ಬಿಟ್ಟರು. ನಮ್ಮವರು ನೀರಿನ ಲೋಟ ತೊಳೆದಿಡುವುದರಲ್ಲೇ ಸುಸ್ತಾದರು.

"ಸಿಕ್ಕಿದ್ದು ತಪ್ಪು ಬೀಗ ಆದ್ರೂ ಒಳ್ಳೇ ಬೀಗ," ಎಂದ ಜವರಪ್ಪ. "ಕಾಗದ ಗೀಗದ ಯಾಕಕ್ಕಾ ಇನ್ನು? ಹೊಳೆಯಾಚೆ ಹೋಗಿ ನಿಮ್ಮ ಬೀಗಿತ್ತಿ ಎದುರಿಗೆ ಒಂದು ಗಳಿಗೆ ನಿಂತ್ಕೊಳ್ಳಿ. ಒಳಗಿರೋದೆಲ್ಲಾ ತಾನಾಗೇ ಬರುತ್ತೆ."

ನನಗೂ ಅದು ಹೊಳೆಯದೆ ಇರಲಿಲ್ಲ. ಅವಳು ಬಾಯಿ ಬಿಟ್ಟರೆ 'ನೀನು' ಎಂದೇ ಶುರುವಾಗುತ್ತದೆ, ನನಗೆ ಗೊತ್ತು. ಹುಣ್ಣಿಮೆ ಹತ್ತಿರ ಬಂದಿತ್ತು. ಮಾರನೆಯ ಬೆಳಿಗ್ಗೆ ಹೊರಡುವುದೆಂದು ನಿಶ್ಚಯಮಾಡಿ ಹಸಿರು ಸೀರೆ ತೆಗೆದಿಟ್ಟೆ. ಕಾಗದವನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದೆ.

ಆ ಮಧ್ಯಾಹ್ನ ಚಾಪೆ ಹಾಸಿದರು. ಹೊರಗೆ ಹೊಳೆಯ ಮೇಲಿಂದ ತೆಳ್ಳಗೆ ಮಂಜು ಎದ್ದು ಪಡಸಾಲೆಯವರೆಗೂ ಬಂದಿತ್ತು. ಕರಿಹಲಗೆಯ ಕೋಟೆ ಮಂಜಿನಲ್ಲಿ ನಿಂತ ಹಾಗೆ ಕಾಣುತ್ತಿತ್ತು. ನನ್ನ ಆಳು ಬಾಗಿಲ ಮುಂದೆ ನಿಂತು ಪಿನ್ನು ತಿರುಗಿಸಿತು, ದಾಳ ಉರುಳಿತು, ಬೀಗ ತೆರೆಯಲಿಲ್ಲ.

"ಬಾಗಿಲಿನ ಹಿಂದೆ ಕಾವಲುಗಾರ ಇದಾನಲ್ಲ, ಅವನಿಗೆ ಮಗ ಇದಾನಾ?" ಎಂದು ಜವರಪ್ಪ ಕೇಳಿದ.

ವಾರಿಜಮ್ಮ ದಾಳ ಉರುಳಿಸಿ ನೋಡಿದರು. "ಇದಾನೆ."

"ನನ್ನ ಆಳಿಗೆ ಒಬ್ಬಳು ಮಗಳಿದಾಳೆ."

"ಇಷ್ಟು ದಿನ ಹೇಳಲೇ ಇಲ್ಲ?"

"ಯುದ್ಧದ ಮಧ್ಯೆ ಯಾರು ಕೇಳಿದ್ರು?"

ಹೀಗೆ ಕೋಟೆಬಾಗಿಲ ಮುಂದೆ ಮದುವೆ ನಿಶ್ಚಯವಾಯಿತು. ಕಾವಲುಗಾರ ಕಿಂಡಿಯಿಂದಲೇ ಜಾತಕ ನೋಡಿದ. ಮುನಿಸ್ವಾಮಿ ಬೆರಳ ತುದಿಯಿಂದ ಹೋಮದ ಬೆಂಕಿ ಹತ್ತಿಸಿದ. ನಾನು ದಾಳಗಳನ್ನೇ ಅಕ್ಷತೆಯೆಂದು ಎರಚಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಕ್ಕು ಸುಧಾರಿಸಿಕೊಂಡು ನನ್ನ ಆಳು ಕಿಂಡಿಯ ಎದುರಿಗೆ ನಿಂತಿತು. ಕಾವಲುಗಾರ ಈಗ ಬೀಗನಾಗಿದ್ದ.

ವಾರಿಜಮ್ಮ ಗಂಟಲು ದಪ್ಪ ಮಾಡಿಕೊಂಡು ಕಾವಲುಗಾರನ ದನಿಯಲ್ಲಿ ಶುರುಮಾಡಿದರು. ಬೀಗದ ಕೈ ಎಲ್ಲಿದೆ, ಯಾವ ಮೆಟ್ಟಿಲು ಕುಸಿಯುತ್ತದೆ, ಎಲ್ಲ ಹೇಳಿದರು. ಆಮೇಲೆ ದನಿಯ ದಪ್ಪ ತಾನಾಗಿ ಕರಗಿತು. "ಇಷ್ಟು ಕಾಲದಿಂದ ಈ ಬಾಗಿಲು ಕಾಯ್ತಿದೀನಿ ಬೀಗರೇ, ಯಾರೂ ಬಂದಿಲ್ಲ. ಮಧ್ಯಾಹ್ನ ಆದ್ರೆ ನಾನೇ ಹೊರಗೆ ಬಂದು ಬಾಗಿಲು ತಟ್ತೀನಿ. ನಾನೇ ಒಳಗೆ ಹೋಗಿ ಯಾರು ಅಂತ ಕೇಳ್ತೀನಿ. ಎಕ್ಸ್‌ಚೇಂಜು ಮುಚ್ಚಿದ ದಿನದಿಂದ ಹೀಗೇ."

ಜವರಪ್ಪನ ನಗು ಅರ್ಧಕ್ಕೇ ನಿಂತಿತು. ಕೋಟೆ ಕಾವಲುಗಾರನಿಗೆ ಎಲ್ಲಿಯ ಎಕ್ಸ್‌ಚೇಂಜು? ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು ವಾರಿಜಮ್ಮ, ಬೀಗನಾದ ಕಾವಲುಗಾರನಿಗಿದ್ದದ್ದೂ ಅವರದೇ ಬಾಯಿ. "ಕಿವಿಗೆ ಆ ತಂತಿ ಹಾಕ್ಕೊಂಡು ಕೂತ್ರೆ ಊರಿಗೂರೇ ನನ್ನ ಮೂಲಕ ಮಾತಾಡ್ತಿತ್ತು. ನನ್ನ ಹತ್ರ ಯಾರೂ ಮಾತಾಡ್ತಿರಲಿಲ್ಲ. ಲೈನು ಕೊಟ್ಟು ಸುಮ್ಮನಾಗಬೇಕಿತ್ತು. ಅದಕ್ಕೇ ಈ ಚಾಪೆ ಹಾಸಿದ್ದು. ನೀವೆಲ್ಲ ಎದ್ದು ಹೋದ ಮೇಲೆ ನಾನು ಒಬ್ಬಳೇ ಕೂತು ನಿಮ್ಮೆಲ್ಲರ ದನೀಲೂ ಮಾತಾಡ್ಕೋತೀನಿ. ಹಾಲಮ್ಮನ ದನಿ ಒಂದು ಬರಲ್ಲ..." ಬಾಯಿ ಆಡುತ್ತಲೇ ಇತ್ತು. ಕಣ್ಣು ಮಾತ್ರ ನನ್ನನ್ನು ಬೇಡಿಕೊಳ್ಳುತ್ತಿತ್ತು. ನಾನು ಎದ್ದು ಅಂಗಳಕ್ಕೆ ಹೋದೆ. ಒಳಗೆ ಮಾತು ನಿಂತಿತು.

ಸ್ವಲ್ಪ ಹೊತ್ತಿಗೆ ಅವರು ಹೊರಗೆ ಬಂದು ತುಳಸಿಕಟ್ಟೆಯ ಮೇಲೆ ನನ್ನ ಪಕ್ಕ ಕೂತರು. ಕೈಯ ಸೀಮೆಸುಣ್ಣ ಒರೆಸಿಕೊಳ್ಳುತ್ತಿದ್ದರು.

"ಇದನ್ನ ನಿಮಗೆ ಯಾವತ್ತಾದರೂ ಒಂದಿನ ಹೇಳಬೇಕು ಅಂತಿದ್ದೆ ಹಾಲಮ್ಮಾ. ನಾನಾಗಿ. ಹೇಗೆ ಶುರುಮಾಡೋದು ಅಂತ ಕೂಡ ಯೋಚಿಸಿಟ್ಟಿದ್ದೆ. ಈಗ ಹೇಳೋಕೆ ಏನೂ ಉಳೀಲಿಲ್ಲ."

ಕೋಪವಿರಲಿಲ್ಲ ಆ ಮಾತಿನಲ್ಲಿ. ಇದ್ದ ವಸ್ತು ಇದ್ದಲ್ಲಿ ಇಲ್ಲ ಎಂದು ಹೇಳುವವರ ದನಿ ಅದು. ಇನ್ನು ಸ್ವಲ್ಪ ದಿನ ಚಾಪೆ ಬೇಡ ಎಂದರು. ಆಗಲಿ ಎಂದೆ. ಕೋಟೆ ಗೆಲ್ಲುವವರೆಗೆ ವಿದ್ಯೆ ನನ್ನ ಮೈಮೇಲಿಂದ ಇಳಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು, ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ನಾನು ಅವರ ಪಕ್ಕದಲ್ಲೇ ಕೂತು ನನ್ನ ವಿಷಯ ಹೇಳಿದೆ. ಬಸ್ಸಿಯ ವಿಷಯ, 'ನೀವು' ಬಂದು ಕೂತ ವಿಷಯ, ತೆಗೆದಿಟ್ಟ ಹಸಿರು ಸೀರೆಯ ವಿಷಯ. ಯಾವ ವಿದ್ಯೆಯೂ ನನ್ನ ಬಾಯಿ ಬಿಡಿಸಿರಲಿಲ್ಲ. ಅವರು ಕೇಳಿಕೊಂಡರು. ನಡುವೆ ಒಂದೆರಡು ಸಲ, "ಆಮೇಲೆ?" ಎಂದರು.

ಮನೆಗೆ ಬರುವಷ್ಟರಲ್ಲಿ ಸಂಜೆಯ ಬೆಳಕು ಕಿಟಕಿಯಲ್ಲಿ ಇನ್ನೂ ಇತ್ತು. ಹಸಿರು ಸೀರೆಯನ್ನು ಮಡಿಸಿ ಒಳಗಿಟ್ಟು, ಪೆಟ್ಟಿಗೆಯ ತಳದಿಂದ ಕಾಗದ ತೆಗೆದೆ. ನಾನು ಹೋಗಿ ಎದುರಿಗೆ ನಿಂತರೆ ಬಸ್ಸಿ 'ನೀನು' ಎನ್ನುತ್ತಾಳೆ. ಆ 'ನೀನು' ಅವಳು ಕೊಟ್ಟದ್ದಾಗಿರುವುದಿಲ್ಲ. ಇನ್ನುಳಿದ ಕಾಲವೆಲ್ಲ ಅದನ್ನು ನಾನು ಕದ್ದ ಸೀರೆಯ ಹಾಗೆ ಉಟ್ಟುಕೊಂಡು ತಿರುಗಬೇಕು. ಪೆನ್ನು ಹಿಡಿದು ಕೂತೆ. ಇಷ್ಟು ತಿಂಗಳು ಬಾರದ ಮೊದಲ ಸಾಲು, ಹೆದರಿಕೆ ಹಾಗೇ ಇದ್ದರೂ, ಬಂತು.

"ಲೇ ಬಸ್ಸಿ, ಇತ್ತ ಕ್ಷೇಮ. ನಾನು ಕಳ್ಳಿಯಾಗಿದ್ದೇನೆ. ನೆಂಟರ ಮನೆಗೂ ಹೇಳಬೇಕಾದ್ದರಿಂದ ಮೊದಲು ಅದನ್ನು ಹೇಳಿದ್ದೇನೆ. ಬೀಗರ ಬಾಯಿ ತೆರೆಸುವ ವಿದ್ಯೆ ನನಗೆ ಹತ್ತಿದೆ. ನಾನು ಬಂದು ಎದುರಿಗೆ ನಿಂತರೆ ನೀನು ಬೇಡವೆಂದರೂ ನಿನ್ನ ಮನಸ್ಸಿನಲ್ಲಿರುವುದೆಲ್ಲ ಹೊರಗೆ ಬಂದುಬಿಡುತ್ತದೆ. ಆದ್ದರಿಂದ ಬರುವುದಿಲ್ಲ. ಪ್ರಮೀಳನನ್ನು ಬಾಣಂತನಕ್ಕೆ ಕಳಿಸಿಕೊಡು. ನಮ್ಮವರು ಗಾಡಿ ತರುತ್ತಾರೆ, ನಾನು ಸೇತುವೆಯ ಈಚೆಯೇ ಇರುತ್ತೇನೆ. ನಿನಗೆ ಬರೆಯಬೇಕೆನಿಸಿದರೆ ಬರೆ. 'ನೀವು' ಎಂದು ಬರೆದರೂ ಓದುತ್ತೇನೆ. ಇಂತಿ, ಹಾಲಿ."

ಬೆಳಿಗ್ಗೆ ಸೇತುವೆಯ ಬುಡಕ್ಕೆ ಹೋದಾಗ ಅಂಚೆಯ ದ್ಯಾವಯ್ಯ ಡಬ್ಬಿಯ ಬಾಗಿಲು ತೆಗೆದು ಕಾಗದಗಳನ್ನು ಚೀಲಕ್ಕೆ ತುಂಬುತ್ತಿದ್ದ. ನಾನು ಬಂದದ್ದು ಕೇಳಿಸದೆ ಬೆಚ್ಚಿದ. ಆಮೇಲೆ ನನ್ನ ಕೈಯ ಕಾಗದ ತೆಗೆದುಕೊಂಡು ವಿಳಾಸ ಓದಿದ, ಅರಿಸಿನದ ಮೂಲೆ ನೋಡಿದ.

"ಹೊಳೆಯಾಚೆ ಮನೆ ತಾನೇ ಅಮ್ಮಾ? ಸೇತುವೆ ದಾಟಿದ್ರೆ ಆಯ್ತು. ನೀವೇ ಹೋಗಿ ಕೈಯಾರೆ ಕೊಡಬಹುದಿತ್ತಲ್ಲ."

"ನಾನು ಹೋದ್ರೆ ಅವಳು ಮಾತಾಡಲೇಬೇಕಾಗುತ್ತೆ ದ್ಯಾವಣ್ಣಾ."

"ಒಳ್ಳೇದೇ ಆಯ್ತಲ್ಲ."

"ಮಾತಾಡದೇ ಇರೋಕೂ ಅವಳಿಗೊಂದು ದಾರಿ ಬೇಕಲ್ಲಪ್ಪ."

ಅವನಿಗೆ ಏನು ಅರ್ಥವಾಯಿತೋ, ಕಾಗದವನ್ನು ಉಳಿದವುಗಳ ಜೊತೆ ಸೇರಿಸದೆ ಅಂಗಿಯ ಎದೆಕಿಸೆಯಲ್ಲಿ ಇಟ್ಟುಕೊಂಡ. ಚೀಲ ಹೆಗಲಿಗೆ ಹಾಕಿ ಸೈಕಲ್ಲು ಹತ್ತಿದ. ಹಲಗೆಗಳ ಮೇಲೆ ಚಕ್ರದ ಸದ್ದು ದೂರದೂರ ಹೋಯಿತು. ನಡುಸೇತುವೆಯಲ್ಲಿ ಮಂಜು ಮೊದಲು ಚಕ್ರಗಳನ್ನು ತೆಗೆದುಕೊಂಡಿತು, ಆಮೇಲೆ ಅವನ ಖಾಕಿ ಬೆನ್ನನ್ನು. ನಾನು ಈಚೆ ದಡದಲ್ಲೇ ನಿಂತಿದ್ದೆ.